ಬೂಸ್ಟ್ ಏರಿಸಿದ ಮೇಲೆ ಹೊಡೆದ ಮಿಸ್ಸಿಂಗ್

ಕಳೆದ ಮಳೆಗಾಲ ಮುಗಿದ ಮೇಲೆ ನನ್ನ 1.8 ಲೀಟರ್ ಟರ್ಬೊ ಪೆಟ್ರೋಲ್ ಕಾರಿನ ಇಸಿಯುಗೆ, ಅಂದರೆ ಇಂಜಿನ್ನನ್ನು ನಡೆಸುವ ಕಂಪ್ಯೂಟರಿಗೆ, ಹೊಸ ಮ್ಯಾಪ್ (ಇಂಜಿನ್ ಹೇಗೆ ಓಡಬೇಕೆಂಬ ಲೆಕ್ಕಗಳ ಪಟ್ಟಿ) ಹಾಕಿಸಿದೆ. ಸಿಲಿಂಡರುಗಳಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನ ಗರಿಷ್ಠ ಒತ್ತಡ ಮೊದಲು 1.7 ಬಾರ್ ಇತ್ತು. ಹೊಸ ಮ್ಯಾಪಿನಲ್ಲಿ ಟರ್ಬೊ ಗಾಳಿಯನ್ನು ಇನ್ನೂ ಜೋರಾಗಿ ಒತ್ತಿ (ಈ ಒತ್ತುವಿಕೆಯೇ ಬೂಸ್ಟ್) ಅದು 2.1 ಬಾರ್ ಆಯಿತು. ಎರಡೂ ವಾತಾವರಣದ ಒತ್ತಡ ಸೇರಿಸಿದ ಲೆಕ್ಕಗಳು. ಹತ್ತು ದಿನ ಗಾಡಿ ಚೆನ್ನಾಗಿಯೇ ಓಡಿತು. ಹನ್ನೊಂದನೆಯ ದಿನ ಮಂಗಳೂರಿನಿಂದ ಹಾಸನಕ್ಕೆ ಮರಳುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಶುರುವಾದ ಮೇಲೆ, ಲಾರಿಯೊಂದನ್ನು ಹಿಂದಿಕ್ಕಲು ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಇಂಜಿನ್ 3,000 ಆರ್‌ಪಿಎಂ ಸಮೀಪಿಸುತ್ತಿದ್ದಂತೆ ಯಾರೋ ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದ ಹಾಗೆ ಗಾಡಿ ಮೂರು ನಾಲ್ಕು ಬಾರಿ ಜರ್ಕ್ ಹೊಡೆಯಿತು, ಚೆಕ್ ಇಂಜಿನ್ ದೀಪ ಮಿಣುಕತೊಡಗಿತು.

ಆ ದೀಪ ಸುಮ್ಮನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕುತ್ತಿದೆ ಎಂದರೆ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ, ಹೀಗೇ ಓಡಿಸಿದರೆ ಅದು ಕರಗಿಹೋಗಬಹುದು ಎಂದು ಇಸಿಯು ಎಚ್ಚರಿಸುತ್ತಿದೆ ಎಂದರ್ಥ. ಇದನ್ನು ಓದುವವರಲ್ಲಿ ಯಾರಿಗಾದರೂ ಹಾಗಾದರೆ ತಕ್ಷಣ ಕಾಲು ಸಡಿಲಿಸಿ. ನಾನು ಲಾರಿಯ ಹಿಂದೆಯೇ ಉಳಿದು, ನಿಧಾನವಾಗಿ ಸಕಲೇಶಪುರ ಸೇರಿಕೊಂಡೆ.

ಸ್ಕ್ಯಾನರ್ ಹಾಕಿದಾಗ ಮಿಸ್‌ಫೈರಿನ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದ ಮಿಸ್ಸಿಂಗಿನ, ಎರಡು ಕೋಡ್‌ಗಳು ಸಿಕ್ಕವು: ಯಾವ ಸಿಲಿಂಡರ್ ಎಂದು ನಿಖರವಾಗಿ ಹೇಳದ ಪಿ0300, ಮೂರನೆಯ ಸಿಲಿಂಡರನ್ನು ಬೆರಳು ಮಾಡಿ ತೋರಿಸುವ ಪಿ0303. ಮ್ಯಾಪ್ ಹಾಕಿದವರಿಗೆ ಫೋನ್ ಮಾಡಿದರೆ, ಪೆಟ್ರೋಲನ್ನು ಒತ್ತಿ ಕಳಿಸುವ ಹೈ ಪ್ರೆಷರ್ ಪಂಪ್ ಸೋತಿರಬೇಕು, ಬದಲಿಸಿ ಎಂದರು. ಆ ಪಂಪಿನ ಬೆಲೆ ಕೇಳಿದ ಮೇಲೆ, ಮೊದಲು ಅಳೆದು ನೋಡಿ ಆಮೇಲೆ ಖರ್ಚು ಮಾಡೋಣವೆಂದು ನಿರ್ಧರಿಸಿದೆ. ಹಾಸನದ ನಮ್ಮ ಮೆಕ್ಯಾನಿಕ್ ಅಣ್ಣ, ಇಪ್ಪತ್ತು ವರ್ಷ ಜೀಪುಗಳನ್ನೇ ಬಿಚ್ಚಿ ಕೂಡಿಸಿದವರು, ಒಂದೇ ಮಾತಿನಲ್ಲಿ ದಾರಿ ತೋರಿಸಿದರು: "ಸರ್, ಕಾಯಿಲ್ ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಳ್ಳ ಯಾರು ಅಂತ ಗೊತ್ತಾಗಲ್ಲ. ಒಂದೊಂದೇ ನೋಡೋಣ." ಸಿಲಿಂಡರಿನೊಳಗೆ ಕಿಡಿ ಹಾರಿಸುವುದು ಪ್ಲಗ್, ಅದಕ್ಕೆ ಬೇಕಾದ ಹೆಚ್ಚಿನ ವೋಲ್ಟೇಜು ಕೊಡುವುದು ಕಾಯಿಲ್.

ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೆ, ಒಂದನೆಯದರ ಕಾಯಿಲನ್ನು ಮೂರನೆಯದಕ್ಕೆ ಹಾಕಿದೆವು, ಪ್ಲಗ್‌ಗಳನ್ನು ಮುಟ್ಟಲಿಲ್ಲ. ಕೋಡ್ ಅಳಿಸಿ ಒಂದು ಸುತ್ತು ಹೋಗಿ ಬಂದರೆ ಮಿಸ್‌ಫೈರ್ ಎಣಿಕೆ ಒಂದನೆಯ ಸಿಲಿಂಡರಿಗೆ ಹಾರಿತ್ತು. ಅಂದರೆ ದೋಷ ಕಾಯಿಲಿನ ಜೊತೆಗೇ ನಡೆದು ಬಂದಿತ್ತು. ಪ್ಲಗ್ಗಿನ ಮೇಲೆ ಕೂರುವ ಕಾಯಿಲಿನ ರಬ್ಬರ್ ಬೂಟನ್ನು ಸೀಳಿ ಟಾರ್ಚ್ ಹಿಡಿದಾಗ, ಒಳಗೋಡೆಯಲ್ಲಿ ಪೆನ್ಸಿಲಿನಿಂದ ಎಳೆದಂತೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯೊಂದು ಮೇಲಿನಿಂದ ಕೆಳಗಿನವರೆಗೆ ಓಡಿತ್ತು. ಮೂರನೆಯ ಪ್ಲಗ್ ಬಿಚ್ಚಿದರೆ ಅದರ ಬಿಳಿ ಪಿಂಗಾಣಿಯ ಮೇಲೂ ಅದಕ್ಕೆ ಸರಿಯಾಗಿ ಅಂಥದೇ ಗೆರೆ. ಕಿಡಿ ಪ್ಲಗ್ಗಿನ ತುದಿಯಲ್ಲಿ ಹಾರುವ ಬದಲು ಪಿಂಗಾಣಿಯ ಹೊರಮೈಯಲ್ಲಿ ಜಾರಿ ಇಂಜಿನ್ ಹೆಡ್ಡಿಗೆ ಇಳಿಯುತ್ತಿತ್ತು. ಇಂಥ ಗೆರೆ ಕಂಡಾಗ ಪ್ಲಗ್ ಒಂದನ್ನೇ ಬದಲಿಸಿದರೆ ಬೂಟಿನಲ್ಲಿ ಉಳಿದ ಇಂಗಾಲ ಹೊಸ ಪ್ಲಗ್ಗಿನ ಮೇಲೂ ಅದೇ ದಾರಿ ಮಾಡಿಕೊಳ್ಳುತ್ತದೆ. ಹಾಗಾಗಿ ಒಂದು ಹೊಸ ಕಾಯಿಲ್, ಒಂದು ಹೊಸ ಪ್ಲಗ್ ಹಾಕಿದೆವು. ಪಿ0303 ಮತ್ತೆ ಬರಲಿಲ್ಲ.

ಆದರೆ ಮುಂದಿನ ಭಾನುವಾರ ಅದೇ ಏರಿನಲ್ಲಿ ಮತ್ತೆ ಜರ್ಕ್. ಈ ಸಲ ಸಣ್ಣದು, ದೀಪವೂ ಹತ್ತಲಿಲ್ಲ, ಆದರೂ ಲ್ಯಾಪ್‌ಟಾಪಿನ ಲಾಗಿನಲ್ಲಿ ಎರಡನೆಯ ಮತ್ತು ನಾಲ್ಕನೆಯ ಸಿಲಿಂಡರುಗಳ ಎಣಿಕೆ ಏರಿತ್ತು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಚಕ್ರದ ಹಲ್ಲುಗಳು ಸೆನ್ಸರ್ ಮುಂದೆ ಹಾದುಹೋಗುವ ಕಾಲದ ಏರುಪೇರಿನಿಂದ ಇಸಿಯು ಮಿಸ್‌ಫೈರನ್ನು ಗುರುತಿಸುವುದರಿಂದ, ಘಾಟಿಯ ಗುಂಡಿಗಳ ಏಟು ಗಾಡಿಯ ಚಕ್ರಗಳ ಮೂಲಕ ಕ್ರ್ಯಾಂಕಿಗೆ ತಲುಪಿ ಸುಳ್ಳು ಎಣಿಕೆ ಕೊಡುವುದೂ ಉಂಟು. ಅದಕ್ಕಾಗಿ ಗಾಡಿಯನ್ನು ಡೈನೊ, ಅಂದರೆ ನಿಂತಲ್ಲೇ ಚಕ್ರ ಓಡಿಸಿ ಪರೀಕ್ಷಿಸುವ ಉರುಳೆಗಳ ಯಂತ್ರದ ಮೇಲೆ ನಿಲ್ಲಿಸಿದೆ. ಅಲ್ಲಿ ಗುಂಡಿಯೂ ಇಲ್ಲ, ಎದುರಿಗೆ ಬರುವ ಬಸ್ಸೂ ಇಲ್ಲ. ಮಿಸ್‌ಫೈರ್ ನಿಜವೇ ಆಗಿತ್ತು, ಮತ್ತು ಪ್ರತಿ ಓಟದಲ್ಲೂ 3,000ದಿಂದ 4,000 ಆರ್‌ಪಿಎಂ ನಡುವೆ ಮಾತ್ರ ಬರುತ್ತಿತ್ತು. 5,500ರಲ್ಲಿ ಒಂದೂ ಇಲ್ಲ.

ನನಗೆ ನಿಜವಾದ ಸುಳಿವು ಸಿಕ್ಕಿದ್ದು ಇಲ್ಲಿ. ಪಂಪ್ ಪೆಟ್ರೋಲ್ ಪೂರೈಸಲಾಗದೆ ಸೋಲುತ್ತಿದ್ದರೆ ಸಾಮಾನ್ಯವಾಗಿ ತೊಂದರೆ ಮೇಲಿನ ಆರ್‌ಪಿಎಂನಲ್ಲಿ ಹೆಚ್ಚಾಗಬೇಕು, ಏಕೆಂದರೆ ನಿಮಿಷಕ್ಕೆ ಅತಿ ಹೆಚ್ಚು ಪೆಟ್ರೋಲ್ ಬೇಕಾಗುವುದು ಅಲ್ಲಿ. ಗರಿಷ್ಠ ಟಾರ್ಕ್ ಇರುವ ಮಧ್ಯದ ಪಟ್ಟಿಯಲ್ಲಾದರೋ ಒಂದೊಂದು ಸಿಲಿಂಡರಿನೊಳಗೆ ತುಂಬುವ ಗಾಳಿ ಅತಿ ಹೆಚ್ಚು, ಆದ್ದರಿಂದ ಕಿಡಿ ಹಾರುವ ಕ್ಷಣದ ಒತ್ತಡವೂ ಅಲ್ಲೇ ಹೆಚ್ಚು. ಲಾಗ್ ಕೂಡ ಇದನ್ನೇ ಹೇಳಿತು. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯುಯೆಲ್ ರೈಲಿನ ಒತ್ತಡ ಗುರಿಗೆ ಅಂಟಿಕೊಂಡೇ ಇತ್ತು, ಜರ್ಕ್ ಬರುವ ಮುಂಚಿನ ಕ್ಷಣದವರೆಗೂ ಗಾಳಿ-ಪೆಟ್ರೋಲಿನ ಪ್ರಮಾಣ ತೋರಿಸುವ ಲ್ಯಾಂಬ್ಡಾ 0.84 ಇತ್ತು (1ಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಧಾರಾಳ). ಜರ್ಕ್ ಆದ ಮರುಕ್ಷಣ ಅದು ಲೀನ್ (ಪೆಟ್ರೋಲ್ ಕಡಿಮೆ) ಕಡೆಗೆ ಜಿಗಿಯುವುದನ್ನು ನೋಡಿ ಬಹಳ ಜನ ಪೆಟ್ರೋಲ್ ಸಾಲದು ಎಂದು ತೀರ್ಮಾನಿಸುತ್ತಾರೆ. ಅದು ತಪ್ಪು: ಉರಿಯದೆ ಹೊರಬಿದ್ದ ಆಮ್ಲಜನಕವನ್ನೇ ಸೆನ್ಸರ್ ಅಳೆದಿರುತ್ತದೆ, ಅದು ಮಿಸ್‌ಫೈರಿನ ಫಲವೇ ಹೊರತು ಕಾರಣವಲ್ಲ. ಹೊಗೆ ಬಿಟ್ಟು ಲೀಕ್ ನೋಡಿದಾಗ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸಿನ ಒಂದು ಕ್ಲ್ಯಾಂಪ್ ಸಡಿಲವಾಗಿದ್ದುದು ಕಂಡು ಬಿಗಿ ಮಾಡಿದೆವು. ಮಿಸ್ಸಿಂಗ್ ಹಾಗೆಯೇ ಉಳಿಯಿತು.

ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಎರಡು ಎಲೆಕ್ಟ್ರೋಡುಗಳ ನಡುವಿನ ಅನಿಲವನ್ನು ಭೇದಿಸಿ ಕಿಡಿ ಹಾರಲು ಬೇಕಾದ ವೋಲ್ಟೇಜು ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸಿರುತ್ತದೆ. ಇಂಜಿನ್ನಿನೊಳಗಿನ ಒತ್ತಡಗಳಲ್ಲಿ ಗುಣಲಬ್ಧ ಏರಿದಂತೆ ವೋಲ್ಟೇಜೂ ಏರುತ್ತದೆ. 1.7ರಿಂದ 2.1 ಬಾರ್ ಎಂದರೆ 1.235 ಪಟ್ಟು, ಹತ್ತಿರ ಹತ್ತಿರ ಕಾಲುಪಾಲು ಹೆಚ್ಚು. ಕಾಯಿಲ್ ಮಾತ್ರ ಹಳೆಯ ಬಗೆಯದೇ, ಅದರ ಶಕ್ತಿಯ ಮಿತಿಯೂ ಹಳೆಯದೇ. ಪ್ಲಗ್ಗಿನ ಗ್ಯಾಪ್, ಅಂದರೆ ಅದರ ಎರಡು ಎಲೆಕ್ಟ್ರೋಡುಗಳ ಅಂತರ, ಕಂಪನಿಯ ಲೆಕ್ಕದಲ್ಲಿ 0.8 ಮಿ.ಮೀ. ಅದನ್ನು 1.235ರಿಂದ ಭಾಗಿಸಿದರೆ 0.65 ಬರುತ್ತದೆ. ಕಾಯಿಲಿನ ಮೇಲೆ ಮೊದಲಿನಷ್ಟೇ ಹೊರೆ ಬೀಳಬೇಕಾದರೆ ಗ್ಯಾಪ್ ಅಷ್ಟಕ್ಕೆ ಇಳಿಯಬೇಕು. ಕಿಡಿಯ ಸಮಯ, ಬಿಸಿ ಎಲ್ಲವೂ ಬದಲಾಗುವುದರಿಂದ ಇದು ಅಂದಾಜಿನ ಲೆಕ್ಕ, ಆದರೆ ಹೊರಡುವುದಕ್ಕೆ ಒಳ್ಳೆಯ ಜಾಗ.

ಮೂರನೆಯದನ್ನು ಬಿಟ್ಟು ಉಳಿದ ಮೂರು ಪ್ಲಗ್ ಬಿಚ್ಚಿದೆವು. ಅವು 28,000 ಕಿ.ಮೀ. ಓಡಿದ್ದವು. ಅಣ್ಣ 0.9ರ ತಂತಿ ಗೇಜನ್ನು ನಾಲ್ಕನೆಯ ಪ್ಲಗ್ಗಿನ ಬಾಯಿಗೆ ತೂರಿಸಿದರು. ಅದು ಎಲ್ಲಿಯೂ ತಾಗದೆ, ಸೂಜಿಯ ಕಣ್ಣಿನಲ್ಲಿ ದಾರ ಹೋದಂತೆ ಸಲೀಸಾಗಿ ಆಚೆ ಹೋಯಿತು. ಹಳೆಯ ಬೂಸ್ಟಿನಲ್ಲಿ ಈ ಸವೆತ ಗೊತ್ತೇ ಆಗುತ್ತಿರಲಿಲ್ಲ, ಹೊಸ ಬೂಸ್ಟು ಅದನ್ನು ಹೊರಗೆಳೆಯಿತು. ಮೂರನೆಯ ಸಿಲಿಂಡರಿನ ಕಿಡಿ ಪಿಂಗಾಣಿಯ ಹೊರಗೆ ದಾರಿ ಹುಡುಕಿದ್ದೂ ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ. ಒಳಗೆ ಹಾರುವುದು ಕಷ್ಟವಾದಾಗ ವಿದ್ಯುತ್ತು ಸುಲಭದ ದಾರಿ ಹಿಡಿಯುತ್ತದೆ.

ನಾಲ್ಕಕ್ಕೂ ಒಂದೇ ಬಗೆಯ ಹೊಸ ಇರಿಡಿಯಂ ಪ್ಲಗ್ ತಂದು 0.65ಕ್ಕೆ ಹೊಂದಿಸಿದೆವು. ಈ ಪ್ಲಗ್ಗಿನ ನಡುವಿನ ಎಲೆಕ್ಟ್ರೋಡು ಬಹಳ ತೆಳು. ಅದರ ಮೇಲೆ ಭಾರ ಹಾಕಿ ಮೀಟಿದರೆ ಮುರಿಯುತ್ತದೆ. ಹೊರಗಿನ ಬಾಗಿದ ಕಡ್ಡಿಯನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ಒತ್ತಬೇಕು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿದೆವು. ಇನ್ನೂ ತಣ್ಣನೆಯ ಹೀಟ್ ರೇಂಜಿನ, ಅಂದರೆ ತುದಿಯ ಬಿಸಿಯನ್ನು ಬೇಗ ಸಾಗಿಸುವ ಪ್ಲಗ್ ಹಾಕಿಸಿ ಎಂಬ ಸಲಹೆಯೂ ಬಂದಿತ್ತು, ನಾನು ಒಪ್ಪಲಿಲ್ಲ. ಅದು ಪ್ಲಗ್ಗಿನ ತುದಿ ಕೆಂಪಗೆ ಕಾದು ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುವುದನ್ನು ತಡೆಯುವ ಉಪಾಯ, ಕಿಡಿ ಹಾರದಿರುವುದಕ್ಕೆ ಮದ್ದಲ್ಲ. ನನ್ನ ಗಾಡಿ ವಾರದಲ್ಲಿ ಐದು ದಿನ ಊರೊಳಗೇ ತೆವಳುವುದರಿಂದ ತಣ್ಣನೆಯ ಪ್ಲಗ್ ಮಸಿ ಹಿಡಿಯುವ ಸಂಭವವೇ ಹೆಚ್ಚು. ಗ್ಯಾಪನ್ನು 0.5ಕ್ಕೆ ಇಳಿಸಲೂ ನನ್ನ ಮನಸ್ಸು ಒಪ್ಪಲಿಲ್ಲ: ಕಿಡಿ ಅಷ್ಟು ಗಿಡ್ಡವಾದರೆ ಐಡ್ಲಿಂಗಿನಲ್ಲಿ ಇಂಜಿನ್ ನಡುಗಬಹುದು.

ಡೈನೊ ಮೇಲೆ ಮತ್ತೆ ಆರು ಓಟ ಓಡಿಸಿದೆವು. ನಾಲ್ಕೂ ಸಿಲಿಂಡರುಗಳ ಎಣಿಕೆ ಸೊನ್ನೆ. ಮುಂದಿನ ವಾರ ಶಿರಾಡಿಯ ಅದೇ ಏರಿನಲ್ಲಿ, ಮನೆಯವರು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು, "ಒಂದೂ ಇಲ್ಲ ರೀ, ಎಲ್ಲಾ ಸೊನ್ನೆ" ಎಂದು ಓದಿ ಹೇಳಿದರು. ಈ ಪ್ಲಗ್‌ಗಳನ್ನು 15,000 ಕಿ.ಮೀ.ಗೆ ಬಿಚ್ಚಿ ಅಳೆಯುತ್ತೇನೆ. ತಾರೀಖು, ಓಡೋಮೀಟರ್ ಓದು, ನಾಲ್ಕರ ಗ್ಯಾಪ್ ಎಲ್ಲವನ್ನೂ ಗ್ಲೋವ್ ಬಾಕ್ಸಿನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.