ಕರೆಂಟ್ ಬಂದ ಮೇಲೆ ಮಾತಾಡಿ

"ಕರೆಂಟ್ ಹೋದರೆ ಫೋನ್ ನಡೆಯುತ್ತದೆಯೇ?" ಎಂದು ಮಾವ ಕೇಳಿದರು.

ಮನೆಗೆ ಹೊಸ ಫೈಬರ್ ಫೋನ್ ಜೋಡಿಸಲು ಬಂದ ಹುಡುಗ ಗೋಡೆಗೆ ಕ್ಲಿಪ್ಪು ಬಡಿಯುತ್ತಿದ್ದ. ಹಿಂದಿರುಗಿ ನೋಡದೆ, "ಕರೆಂಟ್ ಬಂದ ಮೇಲೆ ಮಾತಾಡಿ, ಅಜ್ಜಾ" ಎಂದ.

ಒರಟಾಗಿ ಹೇಳಲಿಲ್ಲ. ಸಮಾಧಾನವಾಗಿ, ಸ್ವಲ್ಪ ಅಕ್ಕರೆಯಿಂದಲೇ ಹೇಳಿದ. ಕಲಬುರಗಿಯ ಮಧ್ಯಾಹ್ನದ ಬಿಸಿಲಿನಲ್ಲಿ ಏಣಿ ಹೊತ್ತು ಕಂಬದಿಂದ ಕಂಬಕ್ಕೆ ಅಲೆದು ಬಂದವನು, ಕತ್ತಿನವರೆಗೂ ಬೆವರು, ಒಂದು ಕಿವಿಯಲ್ಲಿ ಇಯರ್‌ಫೋನ್. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ವಾರ ಪೂರ್ತಿ ಆ ಮಾತು ನಮ್ಮ ಮನೆಯಲ್ಲಿ ತಿರುಗಾಡುತ್ತಿದೆ. ಮಾವ ಊಟಕ್ಕೆ ಕುಳಿತಾಗ ಅದನ್ನು ನೆನೆದು ನಗುತ್ತಾರೆ. ಎರಡನೆಯ ರೊಟ್ಟಿ ತಟ್ಟೆಗೆ ಬೀಳುವಷ್ಟರಲ್ಲಿ ನಗು ಹೋಗಿ ಸಿಟ್ಟು ಬಂದಿರುತ್ತದೆ. "ಬಂದ ಮೇಲೆ ಮಾತಾಡಬೇಕಂತೆ!"

ಬ್ರಹ್ಮಪುರದ ನಮ್ಮ ಓಣಿಯಲ್ಲಿ ಚರಂಡಿ ಅಗೆದವರು ತಾಮ್ರದ ಕೇಬಲ್ ಕಡಿದು ಹಾಕಿದ್ದರು. ಮುಂಚೆಯೂ ಕಡಿದಿದ್ದಾರೆ, ಆಗೆಲ್ಲ ಯಾರಾದರೂ ಬಂದು ಜೋಡಿಸುತ್ತಿದ್ದರು. ಮಾವನ ಪ್ರೀತಿಯ ಲೈನ್‌ಮನ್ ಸ್ವಯಂ ನಿವೃತ್ತಿ ತೆಗೆದುಕೊಂಡು ಹೋದ ಮೇಲೆ ಜೋಡಿಸುವವರೇ ಇಲ್ಲ. ದೂರು ಕೊಟ್ಟರೆ, ತಾಮ್ರಕ್ಕೆ ಇನ್ನು ಕೈ ಹಚ್ಚುವುದಿಲ್ಲ, ಫೈಬರ್ ಇಂಟರ್‌ನೆಟ್ ತೆಗೆದುಕೊಳ್ಳಿ, ಅದರಲ್ಲೇ ಫೋನೂ ಬರುತ್ತದೆ ಎಂಬ ಉತ್ತರ.

ಮನೆಯಲ್ಲಿ ನಾಲ್ಕು ಮೊಬೈಲುಗಳಿರುವಾಗ ಇದಕ್ಕೆಲ್ಲ ಏಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಪುಣೆಯಿಂದ ಮೈದುನ ಅಪ್ಪಣೆ ಕೊಡಿಸಿದ. ಅವನು ಭಾನುವಾರ ಕಾರು ಓಡಿಸುತ್ತಾ ಫೋನ್ ಮಾಡುವ ಮಗ. ತಂದೆ ಮಾತು ಮುಗಿಸುವಷ್ಟರಲ್ಲಿ ಅವನಿಗೆ ಟೋಲ್ ಗೇಟು ಬಂದಿರುತ್ತದೆ. ಮಾವನ ಕೈ ನಡುಗುತ್ತದೆ ಎಂಬುದು ಅವನಿಗೆ ಗೊತ್ತು, ನಡುಗುವ ಬೆರಳಿಗೆ ಮೊಬೈಲಿನ ಪರದೆ ಏನೆಲ್ಲ ಮಾಡುತ್ತದೆ ಎಂಬುದು ಗೊತ್ತಿಲ್ಲ. ಒಬ್ಬರಿಗೆ ಮಾಡಲು ಹೋಗಿ ಇನ್ನೊಬ್ಬರಿಗೆ ಕರೆ ಹೋಗುತ್ತದೆ. ಅದರ ಮೇಲೆ ಶ್ರವಣಯಂತ್ರದ ಹತ್ತಿರ ಹಿಡಿದರೆ ಮೊಬೈಲು ಕುಂಯ್‌ಗುಡುತ್ತದೆ. ಮಾವನಿಗೆ ಬೇಕಾಗಿರುವುದು ಸುರುಳಿ ವಯರಿನ, ಕೈತುಂಬ ಹಿಡಿಯಬಹುದಾದ, ಗುಂಡಿ ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುವ ರಿಸೀವರ್. ಅವರು ಊರಿನ ಧಾನ್ಯದ ಪೇಟೆಯಾದ ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಮುನೀಮರಾಗಿ ಜೀವನ ಸವೆಸಿದವರು. ಊರಿನ ಕೋಡ್ 08472ರ ನಂತರದ ನಮ್ಮ ಮನೆಯ ಆರು ಅಂಕಿಗಳು ಸೊಲ್ಲಾಪುರ, ಲಾತೂರು, ಹೈದರಾಬಾದಿನ ತೊಗರಿ ವ್ಯಾಪಾರಿಗಳ ಬಾಯಲ್ಲಿ ಇನ್ನೂ ಇವೆ. ಆ ವ್ಯಾಪಾರಿಗಳಲ್ಲಿ ಬದುಕಿರುವವರು ಕಡಿಮೆ, ಆದರೂ ಹಬ್ಬಕ್ಕೆ ಒಂದಿಬ್ಬರು ಮಾಡುತ್ತಾರೆ.

ಆಯ್ಕೆಯ ವಿಷಯಕ್ಕೆ ಬಂದರೆ, ನಂಬರೇ ಎಲ್ಲವನ್ನೂ ನಿರ್ಧರಿಸಿತು. ಖಾಸಗಿ ಕಂಪನಿಯವನು ಮೊದಲು ಬಂದ. ಅವನ ಮೋಡೆಮ್ ಪೆಟ್ಟಿಗೆ ಚೆಂದ, ವೇಗ ಹೆಚ್ಚು, ಸಿನಿಮಾಗಳು ಉಚಿತ, ಆದರೆ ನಂಬರ್ ಹೊಸದು. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯ 2011ರಲ್ಲೇ ದೇಶಕ್ಕೆಲ್ಲ ಬಂತು. ಮನೆಯ ಫೋನಿಗೆ ಅದು ಬರಲೇ ಇಲ್ಲ. ಮೊಬೈಲಿನಲ್ಲಿ ಆ್ಯಪ್ ಹಾಕಿಕೊಳ್ಳುವ ದಾರಿಯೂ ಇದೆ. 2018ರಲ್ಲಿ ದೂರಸಂಪರ್ಕ ಇಲಾಖೆ ನಿಯಮ ಬದಲಿಸಿದ ಮೇಲೆ, ಪರವಾನಗಿ ಇರುವ ಕಂಪನಿಗಳು ಇಂಟರ್‌ನೆಟ್ ಮೂಲಕ ಸಾಮಾನ್ಯ ನಂಬರುಗಳಿಗೆ ಕರೆ ಮಾಡಿಸಬಹುದು. ಆದರೆ ಮತ್ತೆ ಅದೇ ಪರದೆ, ಅದೇ ಬೆರಳು. ಉಳಿದದ್ದು ಹಳೆಯ ಕಂಪನಿಯದೇ ಫೈಬರ್. ಓಣಿಯ ಕೇಬಲ್ ಆಪರೇಟರ್ ಮೂಲಕ ಬರುತ್ತದೆ, ನಂಬರ್ ಹಾಗೆಯೇ ಉಳಿಯುತ್ತದೆ. "ನಂಬರ್ ಉಳಿದರೆ ಸಾಕು" ಎಂದು ಮಾವ ಸಹಿ ಮಾಡಿದರು. ಸಹಿ ಮಾಡಿದ ಮೇಲೆ ಕೇಳಿದ ಪ್ರಶ್ನೆ ಆ ಕರೆಂಟಿನದು.

ಹುಡುಗ ಪೆಟ್ಟಿಗೆಯನ್ನು ಟಿವಿ ಪಕ್ಕದ ಷೋಕೇಸಿನಲ್ಲಿಟ್ಟು, ಹಿಂಬದಿಯ ಪುಟ್ಟ ಕಿಂಡಿಗೆ ನಮ್ಮ ಹಳೆಯ ಫೋನಿನ ವಯರು ಚುಚ್ಚಿದ. ರಿಸೀವರ್ ಎತ್ತಿದರೆ ಡಯಲ್ ಟೋನ್ ಬಂತು. ಅವನ ಮೊಬೈಲಿನಿಂದ ಕರೆ ಮಾಡಿದರೆ ಗಂಟೆಯೂ ಬಾರಿಸಿತು. ಆದರೆ ಇಲ್ಲಿಂದ ಯಾವ ನಂಬರ್ ಒತ್ತಿದರೂ ಟೋನ್ ನಿಲ್ಲಲೊಲ್ಲದು. "ಸೆಟ್ ಹಾಳಾಗಿದೆ, ಹೊಸದು ತನ್ನಿ" ಎಂದ. ಮಾವ ಮಾತಾಡಲಿಲ್ಲ. ಫೋನನ್ನು ಎರಡು ಕೈಯಲ್ಲಿ ಎತ್ತಿ ಬೋರಲು ಹಾಕಿ, ಕನ್ನಡಕ ಹಣೆಗೇರಿಸಿ, ತಳದಲ್ಲಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಅಲ್ಲೊಂದು ಅಕ್ಕಿಕಾಳಿನಷ್ಟು ಸ್ವಿಚ್ಚು. ಒಂದು ಕಡೆ ಪಿ, ಇನ್ನೊಂದು ಕಡೆ ಟಿ. ಪಿ ಕಡೆಗಿತ್ತು. ನಡುಗುವ ಬೆರಳಿನ ಉಗುರು ಅದರ ಮೇಲೆ ಜಾರಿತು, ಮತ್ತೆ ಜಾರಿತು. ನಾನು ಕೈ ಚಾಚಿದೆ, ಸರಿಸಿದರು. ಕೊನೆಗೆ ಟಕ್ ಎಂದು ಟಿಗೆ ಬಿತ್ತು.

ಟಿ ಎಂದರೆ ಟೋನ್, ಗುಂಡಿ ಒತ್ತಿದಾಗ ಹೊರಡುವ ಸ್ವರ. ಪಿ ಎಂದರೆ ಪಲ್ಸ್. ಬೆರಳು ಹಾಕಿ ತಿರುಗಿಸುವ ಡಯಲಿನ ಕಾಲದಲ್ಲಿ ಒಂಬತ್ತು ಎಂದರೆ ಲೈನನ್ನು ಒಂಬತ್ತು ಸಲ ಕಡಿದು ಜೋಡಿಸುವುದು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಅದೊಂದೇ ಭಾಷೆ ಬರುತ್ತಿತ್ತು. ನಂತರ ಬಂದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿಗೆ ಎರಡೂ ಬರುತ್ತಿದ್ದುದರಿಂದ ನಮ್ಮ ಫೋನು ಇಷ್ಟು ವರ್ಷ ಪಿಯಲ್ಲೇ ನಡೆದುಕೊಂಡು ಬಂದಿತ್ತು. ಈ ಹೊಸ ಪೆಟ್ಟಿಗೆಗೆ ಮಾತ್ರ ಗುಂಡಿಯ ಸ್ವರವೇ ಬೇಕು. ಹುಡುಗ ಮೊದಲ ಬಾರಿಗೆ ಇಯರ್‌ಫೋನ್ ತೆಗೆದು, "ಇದು ನನಗೆ ಗೊತ್ತಿರಲಿಲ್ಲ" ಎಂದು ಆ ಸ್ವಿಚ್ಚಿನ ಫೋಟೊ ಹೊಡೆದುಕೊಂಡ. ಆ ಕ್ಷಣಕ್ಕೆ ಅವನು ನನಗೆ ಬಹಳ ಇಷ್ಟವಾದ. ತಿಳಿಯದ್ದನ್ನು ತಿಳಿಯದು ಎನ್ನುವ ಮೆಕ್ಯಾನಿಕ್ಕುಗಳು ನಮ್ಮ ಊರಿನಲ್ಲಿ ಅಪರೂಪ. ಅವನ ಮಾಲೀಕನನ್ನು, ಆ ಕೇಬಲ್ ಆಪರೇಟರನನ್ನು, ಕೇಳಿ ನೋಡಿ, ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

ಮೊದಲ ಕರೆ ಸೊಲ್ಲಾಪುರಕ್ಕೆ, ಮಾವನ ತಂಗಿಗೆ. ನಿಜ ಹೇಳಬೇಕು, ಧ್ವನಿ ಅದ್ಭುತವಾಗಿತ್ತು. ತಾಮ್ರದ ಲೈನಿನಲ್ಲಿ ಮಳೆ ಬಿದ್ದರೆ ಶೇಂಗಾ ಹುರಿಯುವ ಸದ್ದು ಕೇಳುತ್ತಿತ್ತು. ಇದರಲ್ಲಿ ಆ ಅತ್ತೆಯ ಹಿಂದೆ ಕುಕ್ಕರು ಕೂಗಿದ್ದೂ ಕೇಳಿಸಿತು. ಮಾತನ್ನು ಸೆಕೆಂಡಿಗೆ 50 ತುಂಡುಗಳಾಗಿ ಕತ್ತರಿಸಿ, ಒಂದೊಂದಕ್ಕೂ ವಿಳಾಸ ಅಂಟಿಸಿ ಕಳುಹಿಸುತ್ತಾರಂತೆ. ಅತ್ತ ಕಡೆ ಮತ್ತೆ ಸಾಲಾಗಿ ಜೋಡಿಸಿ ಕೇಳಿಸುತ್ತಾರೆ. ಮಾತು ಮುಟ್ಟುವುದಕ್ಕೆ ಸುಮಾರು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿದ್ದರೆ ನಮಗೆ ಗೊತ್ತೂ ಆಗುವುದಿಲ್ಲ. ಒಂದು ಕರೆಗೆ ಬೇಕಾದ ವೇಗ ಸೆಕೆಂಡಿಗೆ 100 ಕಿಲೋಬಿಟ್‌ನ ಒಳಗೆ. ಹಾಗಾಗಿ ಫೋನಿಗಾಗಿ ದೊಡ್ಡ ಪ್ಲಾನ್ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮಗೆ ಮಾಲೀಕನು ಹೇಳಿದ, ನಂಬಲಿಲ್ಲ.

ಆಮೇಲೆ ಬುಧವಾರ ಸಂಜೆ ಗಾಳಿ ಎದ್ದಿತು. ಈ ಸೀಮೆಯ ಮೇ ತಿಂಗಳ ಗಾಳಿ ಎಂದರೆ ಮೊದಲು ಧೂಳು, ನಂತರ ನಾಲ್ಕು ಹನಿ, ಅದಕ್ಕೂ ಮುಂಚೆ ಕತ್ತಲು. ಸೊಲ್ಲಾಪುರದ ಅತ್ತೆ ರಾತ್ರಿ ಎಂಟಕ್ಕೆ ಫೋನ್ ಮಾಡುವುದು ರೂಢಿ. ಮಾವ ಎಂಟಕ್ಕೆ ಫೋನಿನ ಹತ್ತಿರ ಕುಳಿತರು. ರಿಸೀವರ್ ಎತ್ತಿದರು, ಇಟ್ಟರು. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದರ ಲೈನು ಎರಡು ಖೋಲಿಗಳ ಫ್ಯಾನು, ದೀಪಗಳಿಗೆ ಮಾತ್ರ; ಪೆಟ್ಟಿಗೆಗೆ ಕರೆಂಟು ಕೊಡುವ ಟಿವಿಯ ಪ್ಲಗ್ಗು ಅದರಲ್ಲಿಲ್ಲ. ಅತ್ತ ಅತ್ತೆ ನಮಗೆ ಸಿಗದೆ ನನ್ನ ಗಂಡನಿಗೆ, ಅವರು ಎತ್ತದೆ ಮೈದುನನಿಗೆ, ಅವನ ಹೆಂಡತಿಗೆ, ನಮ್ಮ ಎದುರು ಮನೆಯವರಿಗೆ ಫೋನ್ ಮಾಡಿ, "ಅಣ್ಣನಿಗೆ ಏನಾಯಿತು, ನನ್ನಿಂದ ಏಕೆ ಮುಚ್ಚಿಡುತ್ತಿದ್ದೀರಿ" ಎಂದು ಅತ್ತುಬಿಟ್ಟರಂತೆ. ಎದುರು ಮನೆಯವರು ಟಾರ್ಚು ಹಿಡಿದು ಓಡಿ ಬಂದರೆ, ಅಣ್ಣ ಷೋಕೇಸಿನ ಮುಂದೆ ಕುಳಿತು, "ಬಂದ ಮೇಲೆ ಮಾತಾಡುತ್ತೇನೆಂದು ಹೇಳಿ" ಎಂದರು.

ಮಾವನ ಪ್ರಶ್ನೆ ಕುಚೋದ್ಯದ್ದಲ್ಲ. ಅತ್ತೆಮ್ಮನಿಗೆ, ಅಂದರೆ ಅವರ ಹೆಂಡತಿಗೆ, ಎದೆನೋವು ಬಂದದ್ದು ಹೀಗೇ ಕರೆಂಟಿಲ್ಲದ ರಾತ್ರಿ. ಮೊಬೈಲುಗಳು ಮನೆಮನೆಗೆ ಬಂದಿರದ ಕಾಲ. ಐದರ ಗುಂಡಿಯ ಮೇಲೆ ಒಂದು ಚುಕ್ಕಿ ಉಬ್ಬಿರುತ್ತದೆಯಲ್ಲ, ಅದನ್ನು ಬೆರಳಿನಿಂದ ಹುಡುಕಿ, ಅಲ್ಲಿಂದ ಮೇಲೆ ಕೆಳಗೆ ಎಣಿಸಿ, ಕತ್ತಲಲ್ಲೇ ಡಾಕ್ಟರ ಮನೆಗೆ ಡಯಲ್ ಮಾಡಿದ್ದರು. ಅತ್ತೆಮ್ಮ ಉಳಿದರು. ಅನಂತರ ಬಹಳ ವರ್ಷ ಬದುಕಿ ಆಸ್ಪತ್ರೆಯ ಉಪ್ಪಿಲ್ಲದ ಬೇಳೆಯನ್ನು ಬೈಯುತ್ತಿದ್ದರು.

ಆ ರಾತ್ರಿ ಫೋನು ನಡೆದದ್ದು ಹೇಗೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ತಾಮ್ರದ ಆ ಎರಡೆಳೆ ತಂತಿಯಲ್ಲಿ ಮಾತಿನ ಜೊತೆಗೆ ವಿದ್ಯುತ್ತೂ ಬರುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ಸಾಲುಸಾಲು ಬ್ಯಾಟರಿ, ಅದಕ್ಕೆ ಬೆಂಬಲವಾಗಿ ಡೀಸೆಲ್ ಜನರೇಟರ್. ಅಲ್ಲಿಂದ 48 ವೋಲ್ಟ್ ಪ್ರತಿ ಮನೆಯ ಫೋನಿಗೂ ಹರಿಯುತ್ತಿತ್ತು. ಗಂಟೆ ಬಾರಿಸುವಾಗ ಇನ್ನೂ ಹೆಚ್ಚು, ಕೈ ತಗುಲಿದರೆ ಜುಮ್ ಎನ್ನುವಷ್ಟು. ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿದ್ದುದು ಯಾರೋ ಒಬ್ಬ ನೌಕರ ಆ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದ ಕಾರಣಕ್ಕೆ. ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಅದಕ್ಕಾಗಿ ಗಂಟೆ ಬಾರಿಸುವ ಕರೆಂಟನ್ನೂ ಡಯಲ್ ಟೋನನ್ನೂ ಈಗ ಹುಟ್ಟಿಸುವುದು ನಮ್ಮ ಷೋಕೇಸಿನಲ್ಲಿರುವ ಪೆಟ್ಟಿಗೆಯೇ. ಊರಿನ ಎಕ್ಸ್‌ಚೇಂಜಿನ ಒಂದು ಚೂರು ನಮ್ಮ ಮನೆಗೆ ಬಂದು ಕುಳಿತಿದೆ, ಅದರ ಬ್ಯಾಟರಿ ಮಾತ್ರ ಬರಲಿಲ್ಲ.

ಇದನ್ನು ತಿಳಿದ ಮೇಲೆ ನಾನು ಮನೆಯನ್ನು ಒಂದು ಸುತ್ತು ನೋಡಿದೆ. ನೀರು ದಿನವೂ ಬರುವುದಿಲ್ಲವೆಂದು ಬೋರ್‌ವೆಲ್ ಹಾಕಿಸಿದೆವು. ಬೋರಿನ ನೀರು ಗಡಸು ಎಂದು ಫಿಲ್ಟರ್ ತಂದೆವು. ಕರೆಂಟು ಇರುವುದಿಲ್ಲವೆಂದು ಇನ್ವರ್ಟರ್, ಇದ್ದಾಗ ಕುಣಿಯುತ್ತದೆಂದು ಸ್ಟೆಬಿಲೈಜರ್. ಓಣಿಯ ದೀಪ ಉರಿಯುವುದಿಲ್ಲವೆಂದು ಗೇಟಿಗೆ ನಮ್ಮದೇ ದೀಪ. ಎಲ್ಲ ಇಲಾಖೆಗಳೂ ಒಂದೊಂದಾಗಿ ಬಂದು ನಮ್ಮ ಅಂಗಳದಲ್ಲಿ ಶಾಖೆ ತೆರೆದಿವೆ. ಎಲ್ಲಕ್ಕೂ ನನ್ನ ಗಂಡನೇ ಅಧಿಕಾರಿ, ಕೆಟ್ಟಾಗ ಅವರೂ ಕಚೇರಿಯಲ್ಲಿ ಸಿಗುವುದಿಲ್ಲ. ಪ್ರತಿಯೊಂದು ಬಂದಾಗಲೂ ನಾವು ಅದನ್ನು ಅನುಕೂಲ ಎಂದೇ ಕರೆದೆವು, ಪಕ್ಕದ ಮನೆಯವರಿಗೆ ತೋರಿಸಿದೆವು. ನಮ್ಮ ಕೆಲಸದಾಕೆಯ ಮನೆಯಲ್ಲಿ ಬೋರೂ ಇಲ್ಲ, ಇನ್ವರ್ಟರೂ ಇಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ಮಾತ್ರ ಮನೆಯ ಯಜಮಾನ ಯಾರೆಂದು ಕೇಳುತ್ತಿರಲಿಲ್ಲ. ಓಣಿಯ ತುದಿಯ ಎಸ್‌ಟಿಡಿ ಬೂತಿನಲ್ಲಿ ಮೇಣದಬತ್ತಿ ಹಚ್ಚಿಟ್ಟುಕೊಂಡು ಆಕೆಯೂ ಬಾಂಬೆಯಲ್ಲಿದ್ದ ಗಂಡನೊಡನೆ ಮಾತಾಡುತ್ತಿದ್ದಳು.

ಗುರುವಾರ ಸೂಪರ್ ಮಾರ್ಕೆಟಿಗೆ ಹೋಗಿ ಕರೆಂಟು ಹೋದಾಗ ಪೆಟ್ಟಿಗೆಯನ್ನು ನಡೆಸುವ ಒಂದು ಪುಟ್ಟ ಯುಪಿಎಸ್ ತಂದೆವು. ಅಂಗೈಗಿಂತ ಸ್ವಲ್ಪ ದೊಡ್ಡದು, 12 ವೋಲ್ಟಿನದು, ಒಳಗೆ ಲಿಥಿಯಂ ಸೆಲ್ಲುಗಳು. ಇನ್ವರ್ಟರ್ ಲೈನು ಎಳೆಸುವುದಕ್ಕಿಂತ ಇದು ಮೇಲು ಎಂದು ಅಂಗಡಿಯವನು ವಿವರಿಸಿದ: ಇನ್ವರ್ಟರ್ ಕೈಗೆತ್ತಿಕೊಳ್ಳುವ ಆ ಕಣ್ಣುರೆಪ್ಪೆಯ ಹೊತ್ತಿನಲ್ಲಿ ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಳ್ಳಬಹುದು, ಆಗ ಕರೆ ಕಡಿಯುತ್ತದೆ, ಫೋನು ಸರಿಹೋಗಲು ನಿಮಿಷಗಳೇ ಬೇಕು. ಈ ಮಾತು ಸರಿ. ಖರೀದಿಸುವವರು ಪೆಟ್ಟಿಗೆಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿದೆಯೋ ನೋಡಿಕೊಂಡು ಹೋಗಬೇಕು. ಮಾವ ಆಪರೇಟರನಿಗೆ ಫೋನ್ ಮಾಡಿ ಇನ್ನೊಂದು ಪ್ರಶ್ನೆ ಹಾಕಿದರು. ನಮ್ಮ ಮನೆಗೂ ನಿಮ್ಮ ಅಂಗಡಿಗೂ ನಡುವೆ ಕರೆಂಟು ಬೇಕಾಗಿಲ್ಲ, ಸರಿ. ನಿಮ್ಮ ಅಂಗಡಿಯ ಯಂತ್ರಕ್ಕೆ ಬ್ಯಾಟರಿ ಇದೆಯೇ? ಎಲ್ಲವೂ ಗೊತ್ತಿರುವ ಮಾಲೀಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗನನ್ನು ಕೇಳಿ ಹೇಳುತ್ತೇನೆ" ಎಂದನಂತೆ.

ಈಗ ಮಾವ ಕಂಪನಿಗೆ ಪತ್ರ ಬರೆಸುತ್ತಿದ್ದಾರೆ. ಅವರ ಲೆಕ್ಕ ಮುನೀಮರ ಲೆಕ್ಕ. ಹಿಂದೆ ಕಟ್ಟುತ್ತಿದ್ದ ಬಾಡಿಗೆಯಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಯ ಖರ್ಚು ಸೇರಿತ್ತು. ಈಗ ಬ್ಯಾಟರಿ ನಮ್ಮದು, ಪೆಟ್ಟಿಗೆ ತಿನ್ನುವ ಕರೆಂಟಿನ ಬಿಲ್ಲೂ ನಮ್ಮದು. ಆದ್ದರಿಂದ ಒಂದೋ ಬಾಡಿಗೆ ಇಳಿಸಬೇಕು, ಇಲ್ಲವೇ ಯುಪಿಎಸ್‌ನ ಹಣ ಕೊಡಬೇಕು. ಜೊತೆಗೆ ಹಳೆಯ ಲೈನಿನ ಠೇವಣಿಯ ಬಗ್ಗೆಯೂ ತಿಳಿಸಬೇಕು. ನಾನು "ವಿನಂತಿ" ಎಂದು ಬರೆದದ್ದನ್ನು ಹೊಡೆದು "ಬಾಕಿ" ಎಂದು ಮಾಡಿಸಿದ್ದಾರೆ. ಯುಪಿಎಸ್ ರಸೀದಿಯ ಜೆರಾಕ್ಸ್ ಲಗತ್ತಿಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲೇ ಹೋಗಬೇಕಂತೆ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು ಎಂಬ ಸುದ್ದಿಯನ್ನು ಅವರಿಗೆ ತಿಳಿಸುವ ಕೆಲಸವನ್ನು ನಾನು ಗಂಡನಿಗೆ ಬಿಟ್ಟಿದ್ದೇನೆ. ಅವರು ನಿನ್ನೆಯಿಂದ ಕಚೇರಿಯಿಂದ ತಡವಾಗಿ ಬರುತ್ತಿದ್ದಾರೆ.