ಟಿಕೆಟ್ ಐತೇನು?

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆ. ನಮ್ಮ ಬಡಾವಣೆಯ ಪಾರ್ಕಿನ ಗೇಟ್ ಮುಂದೆ ಅಜ್ಜಿಯೊಬ್ಬರು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದರು. ದಾವಣಗೆರೆಯ ಬಿಸಿಲು ಗೊತ್ತಲ್ವಾ, ರಸ್ತೆ ಕಾದ ಹೆಂಚಾಗಿತ್ತು. ಒಳಗೆ ಹೊಂಗೆ ಮರದ ನೆರಳು, ಅದರಡಿ ಖಾಲಿ ಬೆಂಚು.

"ಯವ್ವಾ, ಒಳಗೆ ಹೋಗಾಕೆ ಟಿಕೆಟ್ ಐತೇನು?" ಅಂದರು.

"ಟಿಕೆಟ್ ಇಲ್ಲ ಅಜ್ಜಿ, ಬೀಗ ಹಾಕಿದ್ದಾರೆ. ನಾಲ್ಕಕ್ಕೆ ತೆಗೀತಾರೆ."

"ನಾಕಕ್ಕಾ? ಅಷ್ಟೊತ್ತಿಗೆ ಬಿಸ್ಲೇ ಇಳಿದಿರ್ತೈತಲ್ಲ."

ಜಗಳೂರು ಕಡೆಯವರು. ಮಗಳನ್ನು ಪಕ್ಕದ ಆಸ್ಪತ್ರೆಗೆ ಸೇರಿಸಿದ್ದಾರೆ. ಕೂಸನ್ನು ವಾರ್ಡಿಗೆ ಬಿಡಲಿಲ್ಲವಂತೆ. ಮನೆಗೆ ಬನ್ನಿ ಅಂದೆ. ಮಗಳು ಕೇಳಿದರೆ ಹತ್ತಿರದಲ್ಲೇ ಇರಬೇಕು ಅಂತ ಬರಲಿಲ್ಲ. ಕಾಂಪೌಂಡಿನ ಗೇಣಗಲ ನೆರಳಿಗೆ ಒತ್ತಿಕೊಂಡು ಕೂತರು.

ಆ ಮಾತು ಮೂರು ದಿನದಿಂದ ಕಿವಿಯಲ್ಲೇ ಇದೆ. ಟಿಕೆಟ್ ಐತೇನು?

2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ನಮ್ಮ ಊರಿನ ಹೆಸರು ಬಂದಾಗ ಎಷ್ಟು ಖುಷಿಪಟ್ಟಿದ್ದೆ! ಗಾಜಿನ ಮನೆ ಚೆನ್ನಾಗಿದೆ, ಕುಂದುವಾಡ ಕೆರೆ ಏರಿಯ ಮೇಲಿನ ಗಾಳಿ ಇನ್ನೂ ಚೆನ್ನ. ಆದರೆ ಕೂಸು ಎತ್ತಿಕೊಂಡ ಅಜ್ಜಿಗೆ ಬೇಕಾದ್ದು ಆಸ್ಪತ್ರೆ ಪಕ್ಕದ ಒಂದು ಬೆಂಚು. ಉದ್ಯಾನ, ಆಟದ ಮೈದಾನ ಕಬಳಿಕೆ ಆಗಬಾರದು ಅಂತ ರಾಜ್ಯದಲ್ಲಿ 1985ರಿಂದಲೂ ಕಾಯ್ದೆ ಇದೆ. ಜಾಗ ಉಳಿಯಿತು, ಸರಿ. ಬೀಗ ಹಾಕಿ ಉಳಿಸಿದರೆ ಯಾರಿಗೆ?

ಬೀಗ ಹಾಕಿಸಿದವರು ನಮ್ಮ ಬೀದಿಯ ಹಿರಿಯರೊಬ್ಬರು. ಒಳ್ಳೆಯವರು, ಬೇಸಿಗೆಯಲ್ಲಿ ತಾವೇ ಪೈಪ್ ಹಿಡಿದು ಆ ಹೊಂಗೆ ಬೆಳೆಸಿದವರು. ಹಿಂದೆ ಮಧ್ಯಾಹ್ನ ಕುಡಿಯುವವರು ಬಂದು ಕೂರುತ್ತಿದ್ದರು ಅನ್ನುವುದೂ ನಿಜ. ನಿನ್ನೆ ಹೋಗಿ ಅಜ್ಜಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. "ತೆಗೆದರೆ ಬಾಟಲಿ ಯಾರಮ್ಮ ಆರಿಸ್ತಾರೆ?" ಅಂದರು.

ಅವರ ಪ್ರಶ್ನೆ ತಪ್ಪಲ್ಲ. ಆದರೆ ನಾಲ್ಕು ಜನ ಕುಡುಕರಿಗೆ ಹೆದರಿ ಇಡೀ ಊರನ್ನು ಹೊರಗೆ ನಿಲ್ಲಿಸಿದ್ದು ನನಗೆ ಒಪ್ಪಿಗೆಯಿಲ್ಲ. ಅಜ್ಜಿಯಂಥವರು ನಾಲ್ಕು ಜನ ಕೂತಿದ್ದರೆ ಕುಡಿಯುವವರಿಗೂ ಅಲ್ಲಿ ಜಾಗ ಸಿಗುವುದಿಲ್ಲ, ಅಲ್ವಾ?

ಭಾನುವಾರ ಬಡಾವಣೆಯ ಸಭೆ ಇದೆ. ಮಧ್ಯಾಹ್ನವೂ ಗೇಟ್ ತೆಗೆದಿರಲಿ, ಒಂದು ಕುಡಿಯುವ ನೀರಿನ ನಲ್ಲಿ ಹಾಕಿಸೋಣ ಅಂತ ಬರೆದುಕೊಟ್ಟಿದ್ದೇನೆ. ಹನ್ನೊಂದರಿಂದ ನಾಲ್ಕರವರೆಗೆ ಬೀಗದ ಕೈ ನಮ್ಮ ಮನೆಯಲ್ಲಿರಲಿ, ಬಾಟಲಿ ಸಿಕ್ಕರೆ ನಾನೇ ಆರಿಸುತ್ತೇನೆ ಅಂತಲೂ.