ಬಾಬಿ ವಾಲೆಸ್ ಫ್ಲಿಪ್‌ಬುಕ್: ನಾಲ್ಕನೇ ವಾರ

ಹಳೇ ಕಾಲದ ಅಮೆರಿಕದ ಬೇಸ್‌ಬಾಲ್ ಆಟಗಾರ ಬಾಬಿ ವಾಲೆಸ್ ಅವರ ಮೇಲೆ ಫ್ಲಿಪ್‌ಬುಕ್ ಮಾಡುತ್ತಿದ್ದೇನೆ. ಅಂದರೆ ಹಾಳೆ ಸರಸರ ಬಿಟ್ಟರೆ ಚಿತ್ರ ಚಲಿಸುವಂತೆ ಕಾಣುವ ಪುಸ್ತಕ. ಕಳೆದ ವಾರ ಬರೆದ ಚಿತ್ರಗಳಲ್ಲಿ ಹತ್ತು ಹಾಳೆ ತೆಗೆದುಹಾಕಿ ಮತ್ತೆ ಬರೆದೆ. ಈಗ ಒಟ್ಟು 32 ಹಾಳೆ ಆಗಿವೆ.

ಪುಸ್ತಕದಲ್ಲಿ ಇರುವುದು ಒಂದೇ ಎಸೆತ. ವಾಲೆಸ್ ಶಾರ್ಟ್‌ಸ್ಟಾಪ್ ಆಟಗಾರ. ಅಂದರೆ ಎರಡನೇ ಮತ್ತು ಮೂರನೇ ಬೇಸ್ (ಓಡುವವನು ಮುಟ್ಟಬೇಕಾದ ಗುರುತು) ನಡುವೆ ನಿಲ್ಲುವವರು. ಅವರ ಕಾಲದಲ್ಲಿ ಉರುಳಿ ಬಂದ ಚೆಂಡನ್ನು ಹಿಡಿದು, ನೆಟ್ಟಗೆ ನಿಂತು, ಆಮೇಲೆ ಎಸೆಯುವುದು ವಾಡಿಕೆ. ಅಷ್ಟರಲ್ಲಿ ಬ್ಯಾಟ್ ಮಾಡಿದವನು ಓಡಿ ಮೊದಲನೇ ಬೇಸ್ ಮುಟ್ಟಿಬಿಡುತ್ತಿದ್ದ. ಒಂದು ಹೆಜ್ಜೆಯಲ್ಲಿ ಔಟ್ ತಪ್ಪುತ್ತಿತ್ತು. ವಾಲೆಸ್ ಇದನ್ನು ಗಮನಿಸಿ, ಎತ್ತುವುದನ್ನೂ ಎಸೆಯುವುದನ್ನೂ ಒಂದೇ ಬೀಸಿಗೆ ತಂದರು.

ನಾನು ಎಡವಿದ್ದು 15ನೇ ಹಾಳೆಯಲ್ಲಿ. 14ರಲ್ಲಿ ಮೊಣಕಾಲು ಬಾಗಿದೆ, ಬಲಗೈ ಪುಟ್ಟ ಗ್ಲೌಸ್‌ನಿಂದ ಚೆಂಡು ತೆಗೆಯುತ್ತಿದೆ. 15ರಲ್ಲಿ ಬೆನ್ನು ನೆಟ್ಟಗೆ ಬರೆದುಬಿಟ್ಟಿದ್ದೆ. ಹಾಳೆ ಸರಸರ ಬಿಟ್ಟು ನೋಡಿದರೆ ಅದೇ ಹಳೇ ಎಸೆತ! ಟೆನಿಸ್ ಬಾಲ್ ಹಿಡಿದು ಕಾಂಪೌಂಡ್ ಗೋಡೆ ಹತ್ತಿರ ನಾನೇ ಎಸೆದು, ಮೊಬೈಲ್‌ನಲ್ಲಿ ನಿಧಾನವಾಗಿ ನೋಡಿದೆ. ಕೈ ಹಿಂದಕ್ಕೆ ಹೋಗುವಾಗಲೂ ಬೆನ್ನು ಬಾಗಿಯೇ ಇರಬೇಕು. ಈಗ 19ರವರೆಗೂ ಬಾಗಿಸಿದ್ದೇನೆ. ಎಸೆತಕ್ಕೆ ಜೀವ ಬಂದಿದೆ.

ಆ ತೋಳಿನ ಬಲಕ್ಕೆ ಹಿನ್ನೆಲೆ ಇದೆ ಅಲ್ವಾ? 1894ರಲ್ಲಿ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ತಂಡ ಸೇರಿದಾಗ ಅವರು ಪಿಚರ್, ಅಂದರೆ ಬ್ಯಾಟ್ ಮಾಡುವವನಿಗೆ ಚೆಂಡು ಎಸೆಯುವವರು. 1897ರಲ್ಲಿ ಮೂರನೇ ಬೇಸ್‌ಗೆ, 1899ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಶಾರ್ಟ್‌ಸ್ಟಾಪ್ ಜಾಗಕ್ಕೆ ಬಂದರು. 1902ರಲ್ಲಿ ಅದೇ ಊರಿನ ಬ್ರೌನ್ಸ್ ತಂಡಕ್ಕೆ ಹೋದರು. ಆ ವರ್ಷ ಜೂನ್ 10ರ ಒಂದೇ ಪಂದ್ಯದಲ್ಲಿ ಎದುರಾಳಿಗಳನ್ನು ಔಟ್ ಮಾಡುವ 17 ಅವಕಾಶ ಅವರ ಪಾಲಿಗೆ ಬಂದವು. 1918ರಲ್ಲಿ ಕೊನೆಯ ಪಂದ್ಯ ಆಡಿದಾಗ ವಯಸ್ಸು 44. ಒಟ್ಟು 2,309 ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ಮುಟ್ಟಿದ್ದು. ನನಗೆ ಮಾತ್ರ ಆ ಬೀಸೇ ಜಾಸ್ತಿ ದೊಡ್ಡದು.

ಮ್ಯಾನೇಜರ್ ಆಗಿದ್ದ ದಿನಗಳನ್ನು ಬಿಟ್ಟಿದ್ದೇನೆ. ಎರಡನೇ ಪುಸ್ತಕ ಸ್ಕೌಟ್ ಕೆಲಸದ ಮೇಲೆ. ಸ್ಕೌಟ್ ಅಂದರೆ ಹೊಸ ಹುಡುಗರ ಆಟ ನೋಡಿ ತಂಡಕ್ಕೆ ಆರಿಸಿಕೊಡುವವರು. 1927ರಿಂದ ಸಿನ್ಸಿನಾಟಿ ರೆಡ್ಸ್‌ಗೆ ಈ ಕೆಲಸ ಮಾಡಿದರು, ಮೂರು ದಶಕಕ್ಕೂ ಹೆಚ್ಚು ಕಾಲ. 1953ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. 1960ರ ನವೆಂಬರ್ 3ರಂದು, 87 ತುಂಬಲು ಒಂದು ದಿನ ಇರುವಾಗ ತೀರಿಕೊಂಡರು.

ಸುಮ್ನೆ ಕೂತು ನೋಡುವವರನ್ನು ಫ್ಲಿಪ್‌ಬುಕ್‌ನಲ್ಲಿ ಹೇಗೆ ತರುವುದು? ನಿನ್ನೆ ರಾತ್ರಿ ಮೊದಲ ಆರು ಹಾಳೆ ಬರೆದೆ. ಬೆಂಚು, ಹ್ಯಾಟ್, ಮೊಣಕಾಲ ಮೇಲೆ ಎರಡು ಕೈ. ಆರನೆಯದರಲ್ಲಿ ದೂರದ ಹುಡುಗನೊಬ್ಬ ಚೆಂಡಿಗೆ ಬಾಗುತ್ತಾನೆ. ವಾಲೆಸ್ ಅವರ ಬಲಗೈ ಬೆರಳುಗಳು ಸ್ವಲ್ಪ ಬಿಚ್ಚಿಕೊಳ್ಳುತ್ತವೆ.